ಮುಯ್ಯಿಗೆ ತಂದ ತಕ್ಕಡಿ

ಎಂಜಿನಿಯರಿಂಗಿಗೂ ಮೆಡಿಕಲ್ಲಿಗೂ ಪ್ರವೇಶ ಪರೀಕ್ಷೆ ಅಂತ ಹೊಸದಾಗಿ ಬಂದ ಕಾಲ ಅದು. ಅಲ್ಲಿಯ ತನಕ ಪಿಯುಸಿ ಅಂಕ ನೋಡಿ ಸೀಟು ಕೊಡುತ್ತಿದ್ದರು. ಇನ್ನು ಮೇಲೆ ಅಂಕವೂ ಬೇಕು, ಅದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಬರೆಯಬೇಕು ಅಂದರು. ನಮ್ಮ ಕಡೆಯ ಹೈಸ್ಕೂಲುಗಳಿಗೆ ಆ ಸುದ್ದಿ ನೆಟ್ಟಗೆ ಮುಟ್ಟಿರಲೇ ಇಲ್ಲ. ಹಂಪಸಾಗರದಲ್ಲಿ ಹತ್ತನೆಯ ತರಗತಿಯ ಮಕ್ಕಳ ಮುಂದೆ ನಿಂತು, ಮುಂದೆ ಏನು ಓದುತ್ತೀರಿ ಅಂತ ಕೇಳಿದರೆ ಹುಷಾರಾದವರೆಲ್ಲ ಸೈನ್ಸ್ ಅಂದರು. ಸೈನ್ಸಿನಲ್ಲಿ ಯಾವುದು ಅಂದರೆ ಮುಖ ಮುಖ ನೋಡಿಕೊಂಡರು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟರೆ ಡಾಕ್ಟರಿಕೆ ಇಲ್ಲ, ಏನು ಬೇಕು ಏನು ಬೇಡ ಅನ್ನುವುದನ್ನು ಈ ವರ್ಷವೇ ಯೋಚಿಸಿಕೊಳ್ಳಿ ಅಂತ ಕರಿಹಲಗೆಯ ಮೇಲೆ ಬರೆದು ಬರೆದು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ಎರಡೂ ಬಿಡದಿದ್ದರೆ ಏನಾಗುತ್ತದೆ ಅಂತ ಕೇಳಿದ. ನಿದ್ದೆ ಬಿಡಬೇಕಾಗುತ್ತದೆ ಅಂದೆ. ಎಲ್ಲರೂ ನಕ್ಕರು.

ನಾನು ರಸಾಯನಶಾಸ್ತ್ರದ ಉಪನ್ಯಾಸಕಿ. ನಾನಿದ್ದದ್ದು ಒಂದು ಖಾಸಗಿ ಜೂನಿಯರ್ ಕಾಲೇಜು. ಊರಿನ ಹೆಸರು ಬರೆಯುವುದಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಅಂದುಕೊಂಡರೆ ಸಾಕು. ಅಲ್ಲಿ ಆರ್ಟ್ಸ್, ಕಾಮರ್ಸ್ ಮಾತ್ರ ಇದ್ದವು. ಸೈನ್ಸ್ ತರಬೇಕು ಅಂತಲೇ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನನ್ನನ್ನೂ ಒಬ್ಬ ಭೌತಶಾಸ್ತ್ರದ ಉಪನ್ಯಾಸಕರನ್ನೂ ಮೊದಲೇ ನೇಮಿಸಿಕೊಂಡಿದ್ದರು. ಕಾರ್ಯದರ್ಶಿಗಳದು ಹತ್ತಿ ಜಿನ್ನಿಂಗ್ ಮಿಲ್ಲು. ಹಣೆ ತುಂಬ ವಿಭೂತಿ, ಬಾಯಿ ತುಂಬ ಯವ್ವಾ, ತಂಗೀ. ಅವರು ಗದರಿದ್ದನ್ನು ಯಾರೂ ಕೇಳಿರಲಿಲ್ಲ. ನಾನು ಸೇರಿದ ಹೊಸತರಲ್ಲಿ ಲ್ಯಾಬು ಎಲ್ಲಿ ಅಂತ ಕೇಳಿದ್ದಕ್ಕೆ, ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು.

"ಹುಡುಗರನ್ನ ನೀವು ತಗಂಬರ್ರಿ ತಂಗೀ, ಲ್ಯಾಬ್ ನಾನು ತರ್ತೀನಿ."

ಅದಕ್ಕೇ ನಾನು ಹಂಪಸಾಗರ, ತಂಬ್ರಹಳ್ಳಿ ಅಂತ ಹೈಸ್ಕೂಲು ಹೈಸ್ಕೂಲು ತಿರುಗುತ್ತಿದ್ದೆ. ತಂಬ್ರಹಳ್ಳಿಯಲ್ಲಿ ಒಬ್ಬ ಹುಡುಗಿ ಸಿಕ್ಕಳು. ಶಾಲೆಗೇ ಮೊದಲು ಬರುತ್ತಿದ್ದವಳು. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೊದಲು ಒಂದು ಗಳಿಗೆ ನೆಲ ನೋಡುತ್ತಿದ್ದಳು, ಆಮೇಲೆ ತಪ್ಪಿಲ್ಲದೆ ಹೇಳುತ್ತಿದ್ದಳು. ಅವಳ ತಂದೆ ನಮ್ಮ ಕಾರ್ಯದರ್ಶಿಗಳ ಮಿಲ್ಲಿನಲ್ಲೇ ಹಮಾಲಿ. ಹೊಸಪೇಟೆಯಲ್ಲಿ ಅವಳ ಸೋದರಮಾವ ಇದ್ದ, ರೈಲ್ವೆಯಲ್ಲಿ ಕೆಲಸ. ಹುಡುಗಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಅಲ್ಲಿನ ಕಾಲೇಜಿಗೆ ಸೇರಿಸುತ್ತೇನೆ ಅಂತ ಹೇಳಿಯೂ ಇದ್ದ. ಅಲ್ಲಿ ಹಳೆಯ ಲ್ಯಾಬು, ಹಳೆಯ ಮೇಷ್ಟರು, ಎಲ್ಲ ಇತ್ತು. ನಾನು ಅವಳ ಮನೆಗೆ ಹೋಗಿ ಕೂತು, ಮಗಳನ್ನು ಬೇರೆ ಊರಿಗೆ ಯಾಕೆ ಕಳಿಸುತ್ತೀರಿ, ಇಲ್ಲೇ ಸೈನ್ಸ್ ಬರುತ್ತದೆ, ಪ್ರವೇಶ ಪರೀಕ್ಷೆಗೂ ನಾನೇ ತಯಾರು ಮಾಡುತ್ತೇನೆ ಅಂದೆ. ತಂದೆ ಮಗಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ನನಗ ಇದ್ರಾಗ ಏನೂ ತಿಳಿಯಂಗಿಲ್ರಿ ಅಕ್ಕೋರ. ನಿಮ್ಮ ಮಾತಿನ ಮ್ಯಾಲೆ ಬಿಡ್ತೀನಿ," ಅಂದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಆ ಮಾತು ಕೇಳಿ ಖುಷಿಯಿಂದ ಸೈಕಲ್ಲು ಹತ್ತಿದ್ದೆ.

ಮಂಜೂರಿ ಸಿಗಬೇಕಾದರೆ ಪರಿಶೀಲನಾ ಸಮಿತಿ ಬಂದು ಲ್ಯಾಬು ನೋಡಬೇಕು. ಲ್ಯಾಬಿಗೆ ದುಡ್ಡು ಬರಬೇಕಾದರೆ ಮಂಜೂರಿ ಸಿಕ್ಕಿ ಹುಡುಗರು ಸೇರಬೇಕು. ಈ ಗಂಟು ಬಿಚ್ಚಲು ನಮ್ಮ ಐದು ತಾಲ್ಲೂಕುಗಳ ಕಾಲೇಜುಗಳು ಒಂದು ದಾರಿ ಮಾಡಿಕೊಂಡಿದ್ದವು. ಹೊಲದ ಕೆಲಸಕ್ಕೆ ಇವರ ಮನೆಯ ಆಳು ಅವರ ಹೊಲಕ್ಕೆ, ಅವರ ಮನೆಯ ಆಳು ಇವರ ಹೊಲಕ್ಕೆ ಕೂಲಿ ಇಲ್ಲದೆ ಹೋಗಿಬರುವುದಿಲ್ಲವೇ, ಹಾಗೆಯೇ ಇನ್ಸ್‌ಪೆಕ್ಷನ್ ಇದ್ದವರಿಗೆ ಉಳಿದವರು ಸಾಮಾನು ಕೊಡುವುದು. ನಾವು ಅದಕ್ಕೂ ಮುಯ್ಯಿ ಅಂತಲೇ ಅನ್ನುತ್ತಿದ್ದೆವು. ಸಮಿತಿ ಹೋದ ಮೇಲೆ ಒರೆಸಿ ಎಣಿಸಿ ವಾಪಸು ಮುಟ್ಟಿಸಬೇಕು, ಒಡೆದರೆ ತಂದುಕೊಡಬೇಕು, ನಾಳೆ ಅವರಿಗೆ ಬೇಕಾದಾಗ ಇಲ್ಲ ಅನ್ನಬಾರದು. ಇದು ಕಾಯಿದೆಗೆ ಸರಿಯೇ ಅಂತ ಕೇಳಿದರೆ ಅಲ್ಲ. ಆದರೆ ಇದಿಲ್ಲದಿದ್ದರೆ ನಮ್ಮ ಕಡೆ ಒಂದು ಕಾಲೇಜಿಗೂ ಸೈನ್ಸ್ ಬರುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಭೌತಶಾಸ್ತ್ರದವರೂ ನಾನೂ ಸಾಮಾನು ಕೂಡಿಸಲು ಹೊರಟೆವು. ಹರಪನಹಳ್ಳಿಯಿಂದ ಸ್ಪೆಕ್ಟ್ರೋಮೀಟರು, ಪಟ್ಟಕ. ಹಡಗಲಿಯಿಂದ ಬ್ಯೂರೆಟ್ಟು, ಪಿಪೆಟ್ಟು, ಶಂಕುವಿನಾಕಾರದ ಫ್ಲಾಸ್ಕುಗಳು. ಕೊಟ್ಟೂರಿನಿಂದ ಲವಣ ಪರೀಕ್ಷೆಗೆ ಬೇಕಾದ ಕಿಪ್ಸ್ ಉಪಕರಣ. ಒಂದರ ಮೇಲೊಂದು ಮೂರು ಗಾಜಿನ ಬುರುಡೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಯಾರಿಸುವುದು. ತೊಳೆದು ಕೊಟ್ಟಿದ್ದರೂ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡಿದರು. ಕಡೆಗೆ ಕೂಡ್ಲಿಗಿ. ಅಲ್ಲಿನ ಒಂದು ಕಾಲೇಜಿನಲ್ಲಿ ನನ್ನ ಎಂಎಸ್ಸಿ ಸಹಪಾಠಿ, ಧಾರವಾಡದಲ್ಲಿ ಒಂದೇ ಕೋಣೆಯಲ್ಲಿದ್ದವಳು, ಕೆಮಿಸ್ಟ್ರಿ ಕಲಿಸುತ್ತಿದ್ದಳು. ಅವಳು ತನ್ನ ಲ್ಯಾಬಿನ ಜೀವದಂಥ ಕೆಮಿಕಲ್ ಬ್ಯಾಲೆನ್ಸನ್ನೇ ಎತ್ತಿ ಕೊಟ್ಟಳು.

ಅದು ಗಾಜಿನ ಪೆಟ್ಟಿಗೆಯೊಳಗೆ ಕೂತಿರುವ ಸೂಕ್ಷ್ಮ ತಕ್ಕಡಿ. ಉಸಿರು ತಾಗಿದರೂ ಮುಳ್ಳು ಅಲ್ಲಾಡುತ್ತದೆ, ಅದಕ್ಕೇ ಗಾಜು. ಸಾಗಿಸಬೇಕಾದರೆ ಮೊದಲು ತಟ್ಟೆ ಎರಡನ್ನೂ ಬಿಚ್ಚಬೇಕು, ಆಮೇಲೆ ದಂಡ ಇಳಿಸಬೇಕು, ದಂಡದ ನಡುವಿನ ಅಲಗಿಗೆ ಏಟು ಬೀಳದಂತೆ ಹತ್ತಿ ಸುತ್ತಬೇಕು. ನಮ್ಮ ಮಿಲ್ಲಿನ ಹತ್ತಿ ಇತ್ತಲ್ಲ, ಚೀಲಗಟ್ಟಲೆ ಒಯ್ದಿದ್ದೆ. ಅದರ ಒಂದು ಕಾಲಿನ ತಿರುಪು ಎಂದೋ ಕಳೆದುಹೋಗಿ, ಬದಲಿಗೆ ಸೈಕಲ್ಲಿನ ನಟ್ಟು ಹಾಕಿದ್ದರು. ಗೆಳತಿ ಆ ನಟ್ಟು ಮುಟ್ಟಿ ತೋರಿಸಿ, ಇದೊಂದು ಕಳೆದರೆ ನಿನ್ನ ಬಿಡುವುದಿಲ್ಲ ಅಂದಳು. ಕೂಡ್ಲಿಗಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ನಮ್ಮೂರು, ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ಬಂದು ಇದಕ್ಕೂ ಟಿಕೆಟ್ ತಗೊಳ್ಳಿ ಅಂದ. ಭೌತಶಾಸ್ತ್ರದವರು ಅರ್ಧ ಟಿಕೆಟ್ ಕೊಡಪ್ಪಾ, ಕೂಸು ಐತಿ ಅಂದರು. ಇಡೀ ಬಸ್ಸು ನಕ್ಕಿತು. ಆ ದಿನಗಳಲ್ಲಿ ಅವರು ಹಾಗಿದ್ದರು.

ಸಮಿತಿ ಬಂದ ದಿನ ಲ್ಯಾಬು ಮದುವೆ ಮನೆಯ ಹಾಗೆ ಇತ್ತು. ಗ್ಯಾಸ್ ಇರಲಿಲ್ಲ, ಸ್ಪಿರಿಟ್ ದೀಪ ಸಾಲಾಗಿ ಇಟ್ಟಿದ್ದೆವು. ಸಮಿತಿಯ ಹಿರಿಯ ಅಧಿಕಾರಿಗಳು ಒಂದೊಂದೇ ಮುಟ್ಟಿ ನೋಡುತ್ತಾ ಬ್ಯಾಲೆನ್ಸಿನ ಮುಂದೆ ನಿಂತರು. ಬಗ್ಗಿ ಅದರ ಕಾಲು ನೋಡಿದರು. ಈ ಸೈಕಲ್ ನಟ್ಟನ್ನು ತಾವು ಮೊದಲೇ ಬೇರೆ ಎರಡು ಊರುಗಳಲ್ಲಿ ಕಂಡಿರುವುದಾಗಿ ಹೇಳಿದರು. ನಾವು ಸಿಕ್ಕಿಬಿದ್ದೆವು ಅನ್ನಿಸಿತು. ಅವರು ನಕ್ಕು, ಮುಂದಿನ ವರ್ಷ ಬಂದಾಗ ನಟ್ಟಿಲ್ಲದ್ದು ತೋರಿಸ್ರಿ ಅಂತ ಕಾರ್ಯದರ್ಶಿಗಳ ಭುಜ ತಟ್ಟಿ ಊಟಕ್ಕೆ ಹೋದರು. ಎಂಥ ದೊಡ್ಡ ಮನುಷ್ಯ ಅಂದುಕೊಂಡೆ. ಸಮಿತಿ ಹೋದ ಮೇಲೆ ನಾನೇ ಎಲ್ಲವನ್ನೂ ಒರೆಸಿ, ಹತ್ತಿ ಸುತ್ತಿ, ಊರೂರಿಗೆ ಮುಟ್ಟಿಸಿ ಬಂದೆ. ಹಡಗಲಿಯ ಒಂದು ಬ್ಯೂರೆಟ್ಟು ದಾರಿಯಲ್ಲಿ ಒಡೆದಿತ್ತು, ಹೊಸದು ತಂದುಕೊಟ್ಟೆ.

ಮಂಜೂರಿ ಬಂತು. ನಾನು ಮಾತಾಡಿಸಿದ್ದ ಮಕ್ಕಳೆಲ್ಲ ಬಂದು ಸೇರಿದರು. ತಂಬ್ರಹಳ್ಳಿಯ ಹುಡುಗಿ ಗಣಿತವನ್ನೂ ಜೀವಶಾಸ್ತ್ರವನ್ನೂ ಎರಡನ್ನೂ ಇಟ್ಟುಕೊಂಡಳು. ಕಾರ್ಯದರ್ಶಿಗಳು ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸಪೇಟೆಯಿಂದ ರೈಲಿನಲ್ಲಿ ಕಟ್ಟಿಗೆಯ ಪೆಟ್ಟಿಗೆಗಳು ಬಂದವು. ಹೊಸ ಬ್ಯಾಲೆನ್ಸ್, ಹೊಸ ಮೈಕ್ರೋಸ್ಕೋಪುಗಳು, ಗಾಜಿನ ಸಾಮಾನು, ಎಲ್ಲವೂ ಹೊಟ್ಟಿನಲ್ಲಿ ಹುದುಗಿಸಿ ಬಂದಿದ್ದವು. ಮಕ್ಕಳ ಜೊತೆ ಕೂತು ಒಂದೊಂದೇ ಹೊರಗೆ ತೆಗೆದೆ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ. ಬ್ಯಾಲೆನ್ಸಿನ ತೂಕದ ಬಟ್ಟುಗಳ ಪೆಟ್ಟಿಗೆಯ ಮುಚ್ಚಳದ ಒಳಗೆ ಹುಡುಗಿಯ ಕೈಯಿಂದಲೇ ಕೆಂಪು ಬಣ್ಣದಲ್ಲಿ ಒಂದು ಚುಕ್ಕೆ ಇಡಿಸಿದೆ, ಇದು ನಮ್ಮದು ಅಂತ.

ಮೊದಲ ವರ್ಷ ಪಾಠದ ಕಡೆಗೇ ಹೆಚ್ಚು ಒತ್ತು. ಮಕ್ಕಳೆಲ್ಲ ಕನ್ನಡದಲ್ಲಿ ಓದಿ ಬಂದವರು, ಪಿಯುಸಿ ಪುಸ್ತಕವೆಲ್ಲ ಇಂಗ್ಲಿಷು. ಪ್ರತಿ ಪಾಠವನ್ನೂ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಅವರ ಬಾಯಿಂದ ಹೇಳಿಸಬೇಕಿತ್ತು. ಪ್ರವೇಶ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವುದು ಇರುವುದಿಲ್ಲ, ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಗುರುತಿಸಬೇಕು. ಸರಿಯಾದದ್ದು ಹುಡುಕುವ ಮೊದಲು ಆಗಲಾರದ್ದನ್ನು ಹೊಡೆದುಹಾಕಿ ಅಂತ ಕಲಿಸಿದೆ. ಹುಡುಗಿಗೆ ಅದು ಆಟದ ಹಾಗೆ ಹಿಡಿಸಿತು.

ಎರಡನೆಯ ವರ್ಷ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅದರ ಅಂಕ ಪಿಯುಸಿಗೆ ಸೇರುತ್ತದೆ, ಪಿಯುಸಿ ಅಂಕ ಪ್ರವೇಶ ಪರೀಕ್ಷೆಯ ಅಂಕದ ಜೊತೆ ಸೇರಿ ಸೀಟಾಗುತ್ತದೆ. ಜೂನ್ ಕಳೆದು ಲ್ಯಾಬಿನ ಬಾಗಿಲು ತೆಗೆಸಿದರೆ ಬ್ಯಾಲೆನ್ಸು ಇಲ್ಲ. ಕೇಳಿದ್ದಕ್ಕೆ ಭೌತಶಾಸ್ತ್ರದವರು ದಾವಣಗೆರೆಗೆ ರಿಪೇರಿಗೆ ಹೋಗಿದೆ ಅಂದರು. ಹೊಸದಕ್ಕೆ ಎಂಥ ರಿಪೇರಿ ಅಂದೆ. ದಂಡ ಸಮ ಕೂರುತ್ತಿರಲಿಲ್ಲ ಅಂದರು. ಹದಿನೈದು ದಿನ ಬಿಟ್ಟು ಅದು ಬಂತು, ಬ್ಯೂರೆಟ್ಟುಗಳು ಮಾಯ. ಅವು ಬಂದವು, ಪೆಟ್ಟಿಗೆ ಬಿಚ್ಚುವ ಮೊದಲೇ ಮೈಕ್ರೋಸ್ಕೋಪುಗಳ ಜೊತೆ ಮತ್ತೆ ಮಾಯ. ಒಮ್ಮೊಮ್ಮೆ ಬೀಗ ತೆಗೆದರೆ ಖಾಲಿ ಮೇಜುಗಳು, ನೆಲದ ಮೇಲೆ ಹತ್ತಿಯ ಎಳೆ. ಪ್ರತಿ ಸಲವೂ ಅವರ ಹತ್ತಿರ ಒಂದು ಕಾರಣ ತಯಾರಿರುತ್ತಿತ್ತು. ನಂಬಿದೆ. ಬಸ್ಸಿನಲ್ಲಿ ಕೂಸು ಅಂದು ನಗಿಸಿದ ಮನುಷ್ಯ ಸುಳ್ಳು ಹೇಳುತ್ತಾನೆ ಅಂತ ಹೇಗೆ ಅಂದುಕೊಳ್ಳಲಿ?

ಇದ್ದದ್ದರಲ್ಲಿ ಕಲಿಸಿದೆ. ಕಡ್ಡಿ ಹಿಡಿದು ಬ್ಯೂರೆಟ್ಟು ಅಂದೆ, ಲೋಟ ಹಿಡಿದು ಫ್ಲಾಸ್ಕು ಅಂದೆ. ಆಮ್ಲಕ್ಕೆ ಕ್ಷಾರ ಹನಿಹನಿಯಾಗಿ ಬಿಟ್ಟಾಗ ಯಾವ ಬಣ್ಣ ಬಂದರೆ ನಿಲ್ಲಿಸಬೇಕು ಅಂದರೆ ಮಕ್ಕಳು ಒಂದೇ ಬಾಯಿಯಲ್ಲಿ ತಿಳಿ ಗುಲಾಬಿ ಅನ್ನುತ್ತಿದ್ದರು. ಕಣ್ಣಿಂದ ಕಂಡವರು ಒಬ್ಬರೂ ಇರಲಿಲ್ಲ.

ಚಳಿಗಾಲ ಶುರುವಾದಾಗ ಕೂಡ್ಲಿಗಿಯ ಗೆಳತಿ ಹೇಳದೆ ಕೇಳದೆ ನನ್ನ ಮನೆಗೆ ಬಂದಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಅವರ ಕಾಲೇಜಿಗೆ ಜೀವಶಾಸ್ತ್ರ ತರಬೇಕಿತ್ತು, ಸಮಿತಿ ಬರುವುದಿತ್ತು, ಮೈಕ್ರೋಸ್ಕೋಪು ಕೇಳಲು ಅವರ ಪ್ರಿನ್ಸಿಪಾಲರು ನಮ್ಮಲ್ಲಿಗೆ ಆಳು ಕಳಿಸಿದ್ದರು.

"ಲೇ, ನಿಮ್ಮೋರು ಬಾಡಿಗಿ ಕೇಳ್ಯಾರ. ದಿನಕ್ಕ ಇಷ್ಟು ಅಂತ. ಮುಯ್ಯಿಗೆ ಬಾಡಿಗಿ! ನಿನಗ ಗೊತ್ತಿಲ್ಲದ ಆಗೈತಿ ಅಂದ್ರ ನಾನು ನಂಬ್ಲೇನು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಆ ವರ್ಷ ಎಲ್ಲ ಕಡೆ ಹೊಸ ಹೊಸ ಕಾಲೇಜುಗಳು ಏಳುತ್ತಿದ್ದವು. ಹರಪನಹಳ್ಳಿ ದಾಟಿ ದಾವಣಗೆರೆಯ ಆಚೆಗೂ, ಇತ್ತ ಬಳ್ಳಾರಿಯ ಆಚೆಗೂ, ಇನ್ಸ್‌ಪೆಕ್ಷನ್ ಎಲ್ಲಿದ್ದರೆ ಅಲ್ಲಿಗೆ ನಮ್ಮ ಲ್ಯಾಬು ಪೆಟ್ಟಿಗೆಯಲ್ಲಿ ಕೂತು ಹೋಗುತ್ತಿತ್ತು. ಜೋಡಿಸಿ ನಿಲ್ಲಿಸಿ ಬರಲು ಭೌತಶಾಸ್ತ್ರದವರೇ ಜೊತೆಗೆ ಹೋಗುತ್ತಿದ್ದರು. ಈ ಸಂಗತಿ ಐದೂ ತಾಲ್ಲೂಕುಗಳಿಗೆ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ನಾನು ಲ್ಯಾಬು ತರಲು ಬಂದವಳು, ಇವರು ತಂದದ್ದು ಬಾಡಿಗೆ ಕುದುರೆ. ಗೆಳತಿಯ ಮುಂದೆ ಕೂತು ಅತ್ತೆ. ಅವಳು ನಂಬಿದಳೋ ಇಲ್ಲವೋ, ನೀರಂತೂ ಕುಡಿದಳು.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದವರನ್ನು ಹಿಡಿದೆ. ರಿಪೇರಿ ಮುಗಿಯಿತೇ ಅಂತ ಕೇಳಿದೆ. ಅವರು ಪತ್ರಿಕೆ ಮಡಚಿದರು, ಮತ್ತೆ ಬಿಚ್ಚಿದರು. ತಮಗೂ ಮನೆ ಇದೆ, ತಂಗಿಯ ಮದುವೆ ಇದೆ, ಕಾರ್ಯದರ್ಶಿಗಳಿಗೆ ಎದುರು ಹೇಳಿದರೆ ನಾಳೆ ಎಲ್ಲಿ ಹೋಗಲಿ ಅಂದರು. ಅದೆಲ್ಲ ನಿಜವೇ ಇರಬಹುದು. ಆದರೆ ನನಗೆ ಹೇಳಬಹುದಿತ್ತಲ್ಲ, ದಿನಾ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದೆವಲ್ಲ ಅಂದೆ. ಹೇಳಿದರೆ ನೀವು ಸುಮ್ಮನಿರುತ್ತಿದ್ದಿರಾ ಮೇಡಂ ಅಂದರು. ಅವತ್ತಿನಿಂದ ಅವರ ಎದುರು ಚಹಾ ಕುಡಿಯುವುದು ಬಿಟ್ಟೆ.

ಕಾರ್ಯದರ್ಶಿಗಳು ಮಿಲ್ಲಿನಲ್ಲಿ ಗಾದಿಯ ಮೇಲೆ ಕೂತಿದ್ದರು. ಬಾ ತಂಗೀ ಅಂತ ಕರೆದು ಮಜ್ಜಿಗೆ ತರಿಸಿದರು. ನಾನು ಕೂಗಾಡಿದೆ ಅಂತ ಆಮೇಲೆ ಹೇಳಿದರಂತೆ, ಕೂಗಾಡಿದ್ದು ನಿಜ. ಅವರ ದನಿ ಮಾತ್ರ ಒಂದಿಷ್ಟೂ ಏರಲಿಲ್ಲ.

"ಸಾಮಾನು ಸುಮ್ನ ಕುಂತ್ರ ತುಕ್ಕು ಹಿಡಿತಾವ ತಂಗೀ. ನಾನು ಲ್ಯಾಬ್ ತರ್ತೀನಿ ಅಂದಿದ್ದೆ, ತಂದೀನಿ. ಪರೀಕ್ಷಿ ದಿನ ಎಲ್ಲಾ ಇಲ್ಲೇ ಇರ್ತಾವ, ಆತಿಲ್ಲೋ?"

ಕಲಿಯದವರು ಪರೀಕ್ಷೆಯ ದಿನ ಅದನ್ನು ಕಂಡು ಮಾಡುವುದೇನು ಅಂದೆ. ಹುಡುಗರು ಹುಷಾರಿದ್ದಾರೆ, ಓದಿಕೊಳ್ಳುತ್ತಾರೆ ಅಂದರು. ಹೊರಗೆ ಬಂದಾಗ ಅಂಗಳದಲ್ಲಿ ಹುಡುಗಿಯ ತಂದೆ ಬೆನ್ನ ಮೇಲೆ ಹತ್ತಿ ಅಂಡಿಗೆ ಹೊತ್ತು ಹೋಗುತ್ತಿದ್ದರು. ನನ್ನನ್ನು ನೋಡಿ, ಭಾರ ಹೊತ್ತುಕೊಂಡೇ ಕತ್ತು ಬಗ್ಗಿಸಿ ನಮಸ್ಕಾರದ ಹಾಗೆ ಮಾಡಿದರು. ಹೊಸಪೇಟೆಗೆ ಹೋಗಬೇಕಾದವಳನ್ನು ನಿಲ್ಲಿಸಿದ್ದು ನನ್ನ ಮಾತು. ಆ ಮಾತನ್ನು ಕಾರ್ಯದರ್ಶಿಗಳು ಬಾಡಿಗೆಗೆ ಬಿಟ್ಟಿದ್ದರು. ಈಗ ಹೊಸಪೇಟೆಗೆ ಕಳಿಸೋಣ ಅಂದರೆ ವರ್ಷ ಅರ್ಧ ಕಳೆದಿತ್ತು, ಯಾರೂ ಸೇರಿಸಿಕೊಳ್ಳುವುದಿಲ್ಲ.

ಅವತ್ತೇ ಕೂಡ್ಲಿಗಿಗೆ ಹೋದೆ. ಬಾಡಿಗೆ ಕೇಳಿಸಿಕೊಂಡವರ ಬಾಗಿಲಿಗೆ ಹೋಗಿ, ನಮ್ಮ ಮಕ್ಕಳಿಗೆ ನಿಮ್ಮ ಲ್ಯಾಬು ಕೊಡಿ ಅಂತ ಕೇಳಬೇಕಿತ್ತು. ಅವರ ಪ್ರಿನ್ಸಿಪಾಲರು ಮುಖ ಎತ್ತಿ ನೋಡಲಿಲ್ಲ. ಗೆಳತಿ ಪಕ್ಕದಲ್ಲಿ ನಿಂತು, ಮಕ್ಕಳೇನು ಬಾಡಿಗೆ ಕೇಳಿಲ್ಲವಲ್ಲ ಸರ್ ಅಂದಳು. ಭಾನುವಾರ ಬರಲಿ, ಒಡೆದರೆ ತಂದುಕೊಡಬೇಕು, ಗೆಳತಿಯೂ ಇರಬೇಕು ಅಂತ ಒಪ್ಪಿದರು.

ಮೊದಲ ಭಾನುವಾರ ಹಾಗೇ ಇತ್ತು, ನಗುವುದೋ ಅಳುವುದೋ ಗೊತ್ತಾಗದ ಹಾಗೆ. ಬ್ಯೂರೆಟ್ಟಿನ ಕಿವಿ ತಿರುಗಿಸಿ ಕ್ಷಾರ ಬಿಡುತ್ತಿದ್ದ ಮಕ್ಕಳು ಬಣ್ಣ ಬಂದರೂ ನಿಲ್ಲಿಸಲಿಲ್ಲ. ಅವರ ತಲೆಯಲ್ಲಿದ್ದ ಗುಲಾಬಿ ಮುಡಿಯುವ ಗುಲಾಬಿ. ಫ್ಲಾಸ್ಕು ಕುಂಕುಮದ ನೀರಿನ ಹಾಗೆ ಆಗುವ ತನಕ ಬಿಟ್ಟರು. ಬ್ಯಾಲೆನ್ಸಿನ ಮುಂದೆ ಇನ್ನೊಂದು ತಮಾಷೆ. ಚಿಮುಟದಲ್ಲಿ ಹಿಡಿಯಬೇಕಾದ ತೂಕದ ಬಟ್ಟನ್ನು ಹುಡುಗರು ಕಿರಾಣಿ ಅಂಗಡಿಯವರ ಹಾಗೆ ಬೆರಳಿನಿಂದ ಎತ್ತಿದರು. ನಮ್ಮ ಹುಡುಗಿ ಚಿಮುಟ ಸರಿಯಾಗಿ ಹಿಡಿದಳು, ಆದರೆ ಪದಾರ್ಥದ ತಟ್ಟೆ ಒಂದಿಷ್ಟು ಕೆಳಗೆ ಜಗ್ಗುವಂತೆ ಬಿಟ್ಟು ಆಯಿತು ಅಂದಳು. ಸಮ ಇಲ್ಲವಲ್ಲ ಅಂದರೆ, ಸಂತೆಯಲ್ಲಿ ಹಾಗೇ ತಾನೇ ತೂಗುವುದು, ಕೊಸರು ಹಾಕಬೇಕಲ್ಲವೇ ಅಂತ ಕೇಳಿದಳು. ಗೆಳತಿ ಬಿದ್ದು ಬಿದ್ದು ನಕ್ಕಳು. ರಸಾಯನಶಾಸ್ತ್ರದಲ್ಲಿ ಕೊಸರಿಲ್ಲ ಕಣವ್ವಾ ಅಂತ ಅವಳ ಕೈ ಹಿಡಿದು ತೋರಿಸಿದಳು. ಆ ಸೈಕಲ್ ನಟ್ಟಿನ ತಕ್ಕಡಿಯಲ್ಲೇ ಅವಳು ಮುಳ್ಳು ನಟ್ಟನಡುವೆ ನಿಲ್ಲುವುದನ್ನು ಕಾಯಲು ಕಲಿತಳು.

ಒಂದು ತಿಂಗಳು ನಡೆಯಿತು. ಕಾರ್ಯದರ್ಶಿಗಳಿಗೆ ಸುದ್ದಿ ಮುಟ್ಟಿತು. ನಮ್ಮ ಮಕ್ಕಳನ್ನು ಬೇರೆ ಕಾಲೇಜಿನ ಬಾಗಿಲಿಗೆ ಒಯ್ದು ಮರ್ಯಾದೆ ತೆಗೆಯುತ್ತಿದ್ದೇನಂತೆ, ಇನ್ನೊಂದು ಸಲ ಸಂಸ್ಥೆಯ ಹೆಸರಿಗೆ ಧಕ್ಕೆ ತಂದರೆ ನಾನು ಕೆಲಸಕ್ಕೆ ಬರುವುದು ಬೇಡವಂತೆ. ಅದನ್ನೂ ತಂಗೀ ಅಂತಲೇ ಹೇಳಿದರು. ಪರೀಕ್ಷೆ ಹತ್ತಿರ ಇರುವಾಗ ಬದಲಿ ಉಪನ್ಯಾಸಕರು ಸಿಗುವುದಿಲ್ಲ ಅನ್ನುವ ಧೈರ್ಯದ ಮೇಲೆ ನಾನು ಹೋಗುವುದು ನಿಲ್ಲಿಸಲಿಲ್ಲ. ಅದರ ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿಗೆ ತಂಬ್ರಹಳ್ಳಿಯ ಹುಡುಗಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮಗಳನ್ನು ಕಳಿಸಬೇಡ ಅಂತ ಮಿಲ್ಲಿನಲ್ಲಿ ಅವಳ ತಂದೆಗೆ ಯಾರೋ ಮಾತು ಮುಟ್ಟಿಸಿದ್ದರು. ಮೂರನೆಯ ಭಾನುವಾರ ಬಸ್ಸು ಹೊರಡುವ ಹೊತ್ತಿಗೆ ತಂದೆಯೇ ಮಗಳನ್ನು ಕರೆತಂದರು. ಕೇಳಿದವರಿಗೆ ಮಗಳು ಕೊಟ್ಟೂರಿನ ಅಜ್ಜಿಯ ಮನೆಗೆ ಹೋಗಿದ್ದಾಳೆ ಅಂತ ಹೇಳುತ್ತೇನೆ, ನೀವೂ ಹಾಗೇ ಹೇಳಿರಿ ಅಂದರು. ಕೊಟ್ಟೂರಿನಲ್ಲಿ ಅವಳಿಗೆ ಅಜ್ಜಿ ಇರಲಿಲ್ಲ. ಪರೀಕ್ಷೆಯ ತನಕ ಪ್ರತಿ ಭಾನುವಾರ ಅವಳು ಇಲ್ಲದ ಅಜ್ಜಿಯ ಮನೆಗೆ ಹೋಗಿಬಂದಳು.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ನಮ್ಮ ಲ್ಯಾಬು ಊರೂರು ತಿರುಗಿ ಮನೆಗೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು, ಹಳ್ಳಿಗಾಡಿನಲ್ಲಿ ಇಷ್ಟು ಚೆನ್ನಾದ ಲ್ಯಾಬು ನೋಡಿಲ್ಲ ಅಂದರು.  ಹುಡುಗಿಯ ಫ್ಲಾಸ್ಕಿನಲ್ಲಿ ಇದೆಯೋ ಇಲ್ಲವೋ ಅನ್ನುವಂಥ ಗುಲಾಬಿ ಬಂದು ನಿಂತದ್ದನ್ನು ದೂರದಿಂದ ನೋಡಿದೆ. ಪ್ರವೇಶ ಪರೀಕ್ಷೆಗೆ ಬಳ್ಳಾರಿಗೆ ನಾನೇ ಕರೆದುಕೊಂಡು ಹೋದೆ. ಹೊರಗೆ ಬೇವಿನ ಮರದ ಕೆಳಗೆ ಕಾದೆ. ಹೊರಬಂದವಳು, ಆಗಲಾರದ್ದನ್ನೆಲ್ಲ ಹೊಡೆದುಹಾಕಿದೆ ಅಕ್ಕೋರ ಅಂದಳು.

ಅವಳಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮ ಊರಿಗೆ ಅದು ಸಣ್ಣ ಸುದ್ದಿಯಲ್ಲ. ಕಾರ್ಯದರ್ಶಿಗಳು ಪೆಂಡಾಲು ಹಾಕಿಸಿ ಸನ್ಮಾನ ಇಟ್ಟರು. ಸಮಿತಿಯಲ್ಲಿ ಬಂದಿದ್ದ ಆ ಹಿರಿಯ ಅಧಿಕಾರಿಗಳೇ ಮುಖ್ಯ ಅತಿಥಿ. ಹುಡುಗಿಗೆ ಶಾಲು, ಹಾರ. ಅವಳ ತಂದೆಯನ್ನೂ ವೇದಿಕೆಯ ಮೇಲೆ ಕೂರಿಸಿದರು. ಆ ಕುರ್ಚಿಯಲ್ಲಿ ಅವರಿಗೆ ಬೆನ್ನು ಊರಲು ಬರಲಿಲ್ಲ. ಎರಡು ಮಾತು ಆಡು ಅಂತ ಹುಡುಗಿಯನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವಳು ಎಂದಿನಂತೆ ಒಂದು ಗಳಿಗೆ ನೆಲ ನೋಡಿದಳು. ಆಮೇಲೆ, ತನ್ನ ಈ ಯಶಸ್ಸಿಗೆ ಪೂಜ್ಯ ಕಾರ್ಯದರ್ಶಿಗಳು ಕಟ್ಟಿಸಿದ ಸುಸಜ್ಜಿತ ಪ್ರಯೋಗಶಾಲೆಯೇ ಕಾರಣ, ಅದನ್ನು ಹಗಲಿರುಳೂ ನೋಡಿಕೊಂಡ ಭೌತಶಾಸ್ತ್ರದ ಗುರುಗಳಿಗೆ ಋಣಿ ಅಂದಳು. ಮಾತು ಅವಳದ್ದಲ್ಲ, ಯಾರೋ ಬಾಯಿಪಾಠ ಮಾಡಿಸಿದ್ದು. ಕೂಡ್ಲಿಗಿ ಅನ್ನುವ ಹೆಸರು ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಪಕ್ಕದವರು ನೋಡುತ್ತಾರಲ್ಲ ಅಂತ ನಾನೂ ತಟ್ಟಿದೆ.

ಸಭೆ ಮುಗಿದ ಮೇಲೆ ಅವಳು ಹಾರ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬಂದಳು. ಕಾಲಿಗೆ ಬಿದ್ದಳು. ನಾನು ಏಳು ಅನ್ನಲಿಲ್ಲ, ತಾನೇ ಎದ್ದಳು.

"ನಾನು ಹ್ವಾದ ಮ್ಯಾಲೂ ಅಪ್ಪ ಇಲ್ಲೇ ದುಡೀಬೇಕಲ್ರಿ ಅಕ್ಕೋರ," ಅಂದಳು.

ತಿಳಿಯದ ಮಾತೇನಲ್ಲ. ಹಮಾಲಿಯ ಮಗಳು ಇನ್ನೇನು ಹೇಳಬೇಕಿತ್ತು? ಆದರೂ ಕಾರ್ಯದರ್ಶಿಗಳು ಮಾಡಿದ್ದಕ್ಕೆ ಸಿಟ್ಟು ಬಂದಿತ್ತು, ಭೌತಶಾಸ್ತ್ರದವರು ಮಾಡಿದ್ದಕ್ಕೆ ಹೇಸಿಗೆಯಾಗಿತ್ತು, ಇದು ಮಾತ್ರ ಒಳಗೆ ಹೋಗಿ ಕೂತಿತು. ಚೆನ್ನಾಗಿ ಓದು ಅಂತ ಹೇಳಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಹೊಸ ಪ್ರವೇಶ ಶುರುವಾಯಿತು. ಹುಡುಗಿಯ ಫೋಟೋ ದೊಡ್ಡದು ಮಾಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದರು. ಹಂಪಸಾಗರದವರು, ತಂಬ್ರಹಳ್ಳಿಯವರು, ಹಲವಾಗಲಿನ ಕಡೆಯವರು, ಮಕ್ಕಳನ್ನು ಕರೆದುಕೊಂಡು ಬಂದವರ ಸಾಲು ವರಾಂಡದ ತುದಿ ಮುಟ್ಟಿತ್ತು. ಜನಕ್ಕೆ ನನ್ನ ಮುಖ ಗುರುತು ಅಂತ ಕಾರ್ಯದರ್ಶಿಗಳು ನನ್ನನ್ನೇ ಪ್ರವೇಶದ ಮೇಜಿಗೆ ಕೂರಿಸಿದ್ದರು. ಪಕ್ಕದಲ್ಲಿ ಭೌತಶಾಸ್ತ್ರದವರು. ಸಾಲಿನ ಮುಂದೆ ಒಬ್ಬ ತಂದೆ, ಹೆಗಲ ಮೇಲೆ ಟವೆಲು, ಹಿಂದೆ ಎರಡು ಜಡೆಯ ಮಗಳು. ಆ ಫೋಟೋದ ಹುಡುಗಿಯ ಹಾಗೆ ಇವಳೂ ಆಗಬೇಕು ಅಂತ ನನಗೆ ಹೇಳಿದರು. ಆಮೇಲೆ ಕೇಳಿದರು.

"ಲ್ಯಾಬ್ ಚಲೋ ಐತಂತಲ್ರಿ ಅಕ್ಕೋರ?"

ನಾನು ಭೌತಶಾಸ್ತ್ರದವರ ಮುಂದೆ ಕೈ ಚಾಚಿದೆ. ಅವರು ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ನಾನು ಎದ್ದು ತಂದೆ ಮಗಳನ್ನು ಕರೆದುಕೊಂಡು ಹೋಗಿ ಲ್ಯಾಬಿನ ಬಾಗಿಲು ತೆಗೆದೆ. ಪರೀಕ್ಷೆ ಮುಗಿದ ವಾರವೇ ಪೆಟ್ಟಿಗೆಗಳು ಹೊರಟುಹೋಗಿದ್ದವು. ಖಾಲಿ ಮೇಜು, ಖಾಲಿ ಕಪಾಟು, ಮೂಲೆಯಲ್ಲಿ ಹತ್ತಿ. ತಂದೆ ಒಳಗೆ ಕಾಲಿಟ್ಟು ಸುತ್ತ ನೋಡಿದರು.

"ಮತ್ತ ಆ ಹುಡುಗಿ ಎಲ್ಲಿ ಕಲ್ತಳ್ರಿ?"

"ಕೂಡ್ಲಿಗಿಯಾಗ," ಅಂದೆ.

ಕೂಡ್ಲಿಗಿಗೆ ಬಸ್ಸು ಹೇಗೆ ಅಂತ ಕೇಳಿದರು. ಕೊಟ್ಟೂರಿನಲ್ಲಿ ಇಳಿದು ಬದಲಿಸಬೇಕು, ಇವತ್ತೇ ಹೋದರೆ ಅಲ್ಲಿ ಇನ್ನೂ ಸೇರಿಸಿಕೊಳ್ಳುತ್ತಾರೆ, ಕೆಮಿಸ್ಟ್ರಿಯ ಅಕ್ಕೋರನ್ನು ಕಂಡು ನನ್ನ ಹೆಸರು ಹೇಳಿ ಅಂದೆ. ಅವರು ಮಗಳ ಕೈ ಹಿಡಿದು ಹೊರಟರು. ನಾನು ಬಾಗಿಲು ಮುಚ್ಚಲಿಲ್ಲ. ಸಾಲಿನಲ್ಲಿ ನಿಂತಿದ್ದ ಉಳಿದವರು ಒಬ್ಬೊಬ್ಬರಾಗಿ ಬಂದು ಒಳಗೆ ಇಣುಕಿ ನೋಡಿದರು.